ಮಲಗಿದವರನ್ನು ಎಬ್ಬಿಸುವ ಕಸುಬು

ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳಲ್ಲಿ ನನ್ನ ಹೆಂಡತಿಯ ಕಣ್ಣುಗಳು ಗೋಡೆಯ ಮೇಲಿಲ್ಲದ ಊರು ಕಡಿಮೆ. ಯಾರೂ ತಪ್ಪು ತಿಳಿಯಬಾರದು. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಮಕ್ಕಳಿಂದ ಹೂಜಿ, ಬಾಳೆಗೊನೆ, ನವಿಲು ಬರೆಸುವುದು ಸರ್ಕಾರ ನನಗೆ ವಹಿಸಿದ ಘನಕಾರ್ಯ. ಸತ್ತವರ ಚಿತ್ರ ಬರೆಯುವುದು ನಾನೇ ವಹಿಸಿಕೊಂಡದ್ದು.

ಆಗೆಲ್ಲ ಒಂದು ಫೋಟೋ ಕೂಡ ತೆಗೆಸಿಕೊಳ್ಳದೆ ಹೋಗಿಬಿಡುವ ಹಿರಿಯರು ಊರೂರಲ್ಲೂ ಇದ್ದರು. ಪ್ರಾಣ ಹೋದ ಮೇಲೆ ಮನೆಯವರಿಗೆ ಅದು ಜ್ಞಾಪಕಕ್ಕೆ ಬರುತ್ತಿತ್ತು. ಪೇಟೆಯಿಂದ ಫೋಟೋದವನನ್ನು ಕರೆಸಿ, ಚಾಪೆಯ ಮೇಲೆ ಮಲಗಿಸಿದ್ದ ಹಾಗೆಯೇ ಒಂದು ತೆಗೆಸುತ್ತಿದ್ದರು. ತಿಥಿಯ ಹೊತ್ತಿಗೆ ಅದು ನನ್ನ ಕೈಗೆ ಬರುತ್ತಿತ್ತು. ಮಲಗಿದವರನ್ನು ಎಬ್ಬಿಸಿ, ಕುರ್ಚಿಯಲ್ಲಿ ಕೂರಿಸಿ, ಹೆಗಲಿಗೆ ಶಾಲು ಹೊದಿಸಿ, ಕಣ್ಣು ತೆರೆಸುವುದು ನನ್ನ ಕೆಲಸ. ಮುಖಕ್ಕೆಲ್ಲ ಇದ್ದಿಲು, ಶಾಲಿನ ಅಂಚಿಗೂ ಹಣೆಯ ಕುಂಕುಮಕ್ಕೂ ಮಾತ್ರ ಪ್ಯಾಸ್ಟಲ್ ಬಣ್ಣ. ದೇವರು ಮಾಡಲಾಗದ್ದನ್ನು ಡ್ರಾಯಿಂಗ್ ಮೇಷ್ಟ್ರು ಮಾಡುತ್ತಾರೆ ಎಂದು ಜನ ಹೇಳುತ್ತಿದ್ದರು. ನಾನು ವಿನಯದಿಂದ ತಲೆ ಬಗ್ಗಿಸುತ್ತಿದ್ದೆ, ಇಲ್ಲವೆನ್ನುತ್ತಿರಲಿಲ್ಲ.

ಮೂಗು, ಕೆನ್ನೆ, ಗದ್ದ ಎಲ್ಲವನ್ನೂ ಫೋಟೋದಿಂದ ಎತ್ತಬಹುದು. ಮುಚ್ಚಿದ ಕಣ್ಣನ್ನು ಏನು ಮಾಡುವುದು? ಮಕ್ಕಳನ್ನು ಕೇಳಿದರೆ, "ಕಣ್ಣು ಕಣ್ಣಂಗೇ ಇತ್ತು ಮೇಷ್ಟ್ರೇ" ಎನ್ನುತ್ತಿದ್ದರು. ಆದ್ದರಿಂದ ಚಿತ್ರ ಕಣ್ಣಿನವರೆಗೆ ಬಂದಾಗ ನಾನು ಅಡುಗೆಮನೆಯ ಕಡೆ ತಿರುಗಿ ಕೂಗುತ್ತಿದ್ದೆ. ಅವಳು ಸೌಟು ಹಿಡಿದೇ ಬಂದು ಕಿಟಕಿಯ ಬೆಳಕಿಗೆ ನಿಲ್ಲುತ್ತಿದ್ದಳು.

"ಯಾರಿಗೆ?"

"ಕಿಕ್ಕೇರಿ ಕಡೆ ಗೌಡರಿಗೆ."

"ಸಿಟ್ಟು ಬೇಕಾ, ಸಮಾಧಾನ ಬೇಕಾ?"

"ಸಿಟ್ಟಿನ ಮನುಷ್ಯರಂತೆ."

ಅವಳು ನನ್ನನ್ನೇ ನೋಡುತ್ತಿದ್ದಳು. ಸಿಟ್ಟು ತಾನಾಗಿ ಬರುತ್ತಿತ್ತು. ಸಮಾಧಾನ ಬೇಕಾದಾಗ ಕಿಟಕಿಯಾಚೆ ನುಗ್ಗೆಮರದ ಕಡೆ ನೋಡುತ್ತಿದ್ದಳು. ಹೀಗೆ ಗೌಡರು, ಶಾನುಭೋಗರು, ಸೂಲಗಿತ್ತಿ ಅಜ್ಜಿ, ಕೊನೆಗೆ ನನ್ನ ಮಾವನವರು ಕೂಡ ಅವಳ ಕಣ್ಣಿನಿಂದಲೇ ಲೋಕವನ್ನು ನೋಡಲು ಶುರುಮಾಡಿದರು. ಮಾವನವರ ವಿಷಯದಲ್ಲಿ ಅದಕ್ಕೆ ರಕ್ತಸಂಬಂಧದ ಆಧಾರವಾದರೂ ಇತ್ತು. ಉಳಿದವರ ಮನೆಯವರೆಲ್ಲ ಚಿತ್ರ ನೋಡಿ, "ಅದೇ ಕಣ್ಣು ಕನಪ್ಪ" ಎಂದು ಅಳುತ್ತಿದ್ದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಆಮೇಲೆ ಫ್ಲೆಕ್ಸ್ ಬಂತು, ಎಲ್ಲರ ಜೇಬಿಗೂ ಮೊಬೈಲು ಬಂತು, ನಗುತ್ತಿರುವ ಫೋಟೋ ಬಿಟ್ಟುಹೋಗದೆ ಯಾರೂ ಸಾಯದಂತಾಯಿತು. ನಾನು ನಿವೃತ್ತನಾದೆ. ಇದ್ದಿಲ ಡಬ್ಬಿ ಅಟ್ಟ ಸೇರಿತು.

ಮೊನ್ನೆ ಮೊನ್ನೆ ಎನ್ನಬಹುದಾದಷ್ಟು ಹತ್ತಿರದಲ್ಲಿ, ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನೆಂಟರ ತಿಥಿಗೆ ಇಬ್ಬರೂ ಹೋಗಿದ್ದೆವು. ಎಲೆ ಹಾಕಿದ್ದ ನಡುಮನೆಯಲ್ಲಿ, ನನ್ನ ಹೆಂಡತಿಯ ಎದುರಿನ ಗೋಡೆಯ ಮೇಲೆ, ಆ ಮನೆಯ ಹಿಂದಿನ ಕಾಲದ ಅಜ್ಜಿ ಕುಳಿತಿದ್ದರು. ನನ್ನದೇ ಕೆಲಸ. ಇದ್ದಿಲು ಸ್ವಲ್ಪ ಮಾಸಿ, ಗಾಜಿನೊಳಗೆ ತೇವ ಇಳಿದು, ಶಾಲು, ಕೂದಲು ಎಲ್ಲ ಗೋಡೆಯ ಬಣ್ಣಕ್ಕೆ ತಿರುಗಿದ್ದವು. ಕಣ್ಣು ಮಾತ್ರ ನಿನ್ನೆ ಬರೆದಂತಿತ್ತು. ಹೆಂಡತಿ ಪಾಯಸವನ್ನು ಮುಟ್ಟದೆ ಎದ್ದಳು. ಅವಳು ಪಾಯಸ ಬಿಟ್ಟದ್ದನ್ನು ನಮ್ಮ ದಾಂಪತ್ಯದಲ್ಲಿ ನಾನು ಕಂಡಿರಲಿಲ್ಲ.

ಬಸ್ಸಿನಲ್ಲಿ ಅವಳೇ ಬಾಯಿಬಿಟ್ಟಳು.

"ಆವಮ್ಮ ನನ್ನ ಕಣ್ಣಲ್ಲೇ ನನ್ನ ನೋಡ್ತಾ ಕುಂತಿದ್ಲು. ಒಂದು ತುತ್ತೂ ಇಳೀನಿಲ್ಲ."

"ಬರೀ ಇದ್ದಿಲು ಕಣೇ ಅದು."

"ನಿಮಗೆ ಇದ್ದಿಲು. ಅಲ್ಲ ಕನ್ರೀ, ನಾ ಸತ್ತೋದ ಮೇಲೆ ನಂಗೆ ಯಾರ ಕಣ್ಣು ಆಕ್ತೀರಿ? ನನ್ನವೆಲ್ಲ ಅಂಚಿಬುಟ್ಟಿದ್ದೀರಲ್ಲ."

ನಾನು ಟಿಕೆಟ್ಟನ್ನು ಮಡಿಸುತ್ತಾ ಕುಳಿತೆ. ಮುಂದೆ ಕಬ್ಬಿನ ಟ್ರಾಕ್ಟರು ರಸ್ತೆಯನ್ನೆಲ್ಲ ಆಕ್ರಮಿಸಿಕೊಂಡು ಹೋಗುತ್ತಿತ್ತು, ಬಸ್ಸು ಅದರ ಹಿಂದೆ ಮೆರವಣಿಗೆಯ ಗಾಂಭೀರ್ಯದಲ್ಲಿ ತೆವಳುತ್ತಿತ್ತು. ಪಾಂಡವಪುರ ಬರುವ ಹೊತ್ತಿಗೆ ಅವಳು ತೀರ್ಮಾನಿಸಿದ್ದಳು.

"ಬದುಕಿದ್ದಾಗ್ಲೇ ನಂದೊಂದು ಬರೀರಿ. ಕಣ್ಣು ಮುಚ್ಚಿರ್ಬೇಕು. ನಿದ್ದೆ ಮಾಡೋ ಅಂಗೆ ಇರ್ಬೇಕು, ಎಣದಂಗೆ ಕಾಣ್ಬಾರ್ದು. ಅದ್ನೇ ಗೋಡೆಗೆ ಆಕಮು. ಆಮೇಲೆ ನನ್ನ ಕಣ್ಣು ತೆಗ್ಸೋ ಕೆಲಸ ನಿಮಗಿರಾಕಿಲ್ಲ."

ಜೀವಮಾನವೆಲ್ಲ ನಾನು ಮಾಡಿದ್ದು ಒಂದೇ ಕೆಲಸ, ಮುಚ್ಚಿದ್ದನ್ನು ತೆರೆಯುವುದು. ತೆರೆದದ್ದನ್ನು ಮುಚ್ಚುವುದು ಎಷ್ಟರ ಮಾತು ಎಂದುಕೊಂಡೆ.

ಅಟ್ಟದಿಂದ ಡಬ್ಬಿ ಇಳಿಯಿತು. ಅವಳು ಒಳ್ಳೆಯ ಸೀರೆ ಉಟ್ಟು, ನಡುಮನೆಯಲ್ಲಿ ಚಾಪೆ ಹಾಸಿ, ಪೂರ್ವಕ್ಕೆ ತಲೆಯಿಟ್ಟು ಅಂಗಾತ ಮಲಗಿದಳು. ಫೋಟೋ ತೆಗೆಸಿಕೊಳ್ಳುವಾಗ ನಮ್ಮ ಕಡೆಯ ಹೆಂಗಸರು ನೆಟ್ಟಗೆ ನಿಲ್ಲುವಷ್ಟೇ ನಿಷ್ಠೆಯಿಂದ ಅವಳು ನೆಟ್ಟಗೆ ಮಲಗಿದ್ದಳು. ಸೀರೆ ಪಾದದವರೆಗೆ ಎಳೆದುಕೊಂಡಿದ್ದಳು. ಕಾಲು ಎರಡೂ ಜೋಡಿಯಾಗಿದ್ದವು. ನಾನು ಹಾಳೆಯನ್ನು ಅಡ್ಡಲಾಗಿ ಇಟ್ಟು, ಕೆಳ ಅಂಚಿಗೆ ಸರಿಸಮವಾಗಿ ಒಂದು ಗೆರೆ ಹಾಕಿ, ಅದರ ಮೇಲೆ ಅವಳನ್ನು ಬರೆದೆ.

ಕೆಲಸ ನಡೆಯುತ್ತಿದ್ದಾಗಲೇ ಏನೋ ಸರಿಯಿಲ್ಲ ಎನಿಸಿತು. ಹಣೆ ಬರೆದಾಗ ಅದು ಅವಳದೇ. ಮೂಗಿನ ಹೊತ್ತಿಗೂ ಪರವಾಗಿರಲಿಲ್ಲ. ಬಾಯಿಯ ಮೂಲೆಗೆ ಬರುವಷ್ಟರಲ್ಲಿ ನಾಗಮಂಗಲದ ಸೂಲಗಿತ್ತಿ ಅಜ್ಜಿ ಬಂದಿದ್ದರು. ಗದ್ದ ತಿದ್ದಿದೆ, ಅಜ್ಜಿ ಹೋದರು, ಗೌಡರು ಬಂದರು. ಗೌಡರನ್ನು ರಬ್ಬರಿನಿಂದ ಎತ್ತಿದರೆ ಅವರ ಕೆಳಗೆ ಇನ್ಯಾರೋ ಇದ್ದರು. ಹೆಸರು ಮರೆತಿದ್ದೆ, ಕೆನ್ನೆ ಮರೆತಿರಲಿಲ್ಲ. ಇವರನ್ನೆಲ್ಲ ನಾನು ಎಬ್ಬಿಸಿ ಕೂರಿಸಿ ಕಳಿಸಿದ್ದೆ. ಅವರು ಕೂತದ್ದು ಗೋಡೆಯ ಮೇಲೆ ಮಾತ್ರ, ನನ್ನ ಕೈಯಲ್ಲಿ ಮಲಗಿಯೇ ಇದ್ದರೆಂದು ಈಗ ಗೊತ್ತಾಯಿತು.

ಅವಳಿಗೆ ತೋರಿಸುವ ಧೈರ್ಯವಾಗದೆ, ದೂರದಿಂದ ನೋಡಿದರೆ ಸುಧಾರಿಸೀತು ಎಂಬ ಚಿತ್ರಗಾರರ ಶಾಶ್ವತ ಭ್ರಮೆಯಲ್ಲಿ, ಮರುದಿನ ಬೆಳಿಗ್ಗೆ ಚಿತ್ರವನ್ನು ನಡುಮನೆಯ ಕುರ್ಚಿಯ ಮೇಲೆ ಗೋಡೆಗೆ ಒರಗಿಸಿ, ಹಾಲು ತರಲು ಹೋದೆ. ಅವಳು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಬಾಗಿಲು ತೆರೆದಿತ್ತು.

ಹಿಂದಿರುಗಿದಾಗ ನನ್ನ ಬಾಮೈದ, ಅವಳ ತಮ್ಮ, ಕಿಕ್ಕೇರಿಯಿಂದ ಬಂದವನು, ಹೊಸ್ತಿಲ ಹತ್ತಿರ ನೆಲಕ್ಕೆ ಕುಸಿದು ಕುಳಿತಿದ್ದ. ಬಾಯಿಗೆ ಟವೆಲು ಒತ್ತಿಕೊಂಡಿದ್ದ. ತಂದಿದ್ದ ತೆಂಗಿನಕಾಯಿ ಚೀಲ ಪಕ್ಕಕ್ಕೆ ಉರುಳಿ, ಒಂದು ಕಾಯಿ ಮೆಟ್ಟಿಲ ಕೆಳಗೆ ಹೋಗಿತ್ತು.

"ಬಾವ," ಎಂದ, "ನನಗೊಂದು ಫೋನು ಮಾಡಬೇಕು ಅನ್ನುಸ್ನಿಲ್ವಾ ನಿಮಗೆ?"

ನಾನು ಅವನ ದೃಷ್ಟಿ ಹೋದ ಕಡೆ ನೋಡಿದೆ. ಕುರ್ಚಿ, ಕುರ್ಚಿಯ ಮೇಲೆ ಚಿತ್ರ, ಚಿತ್ರದಲ್ಲಿ ಅಕ್ಕ. ನಾನು ಹಾಲಿನ ಪಾತ್ರೆ ಕೆಳಗಿಡುವಷ್ಟರಲ್ಲಿ ಅಕ್ಕ ಸ್ವತಃ ಬಕೆಟ್ಟು ಹಿಡಿದು ಹಿತ್ತಲಿಂದ ಬಂದಳು.

"ಏನ್ಲಾ, ಬಾಗ್ಲಲ್ಲೇ ಕುಂತ್ಬುಟ್ಟೆ? ಬಾ ಒಳಕ್ಕೆ."

ಅವನು ಅವಳನ್ನು ನೋಡಿದ, ಚಿತ್ರವನ್ನು ನೋಡಿದ. ಎದ್ದು ಬಂದು ಮೊದಲು ಅವಳ ಒದ್ದೆ ಮುಂಗೈ ಹಿಡಿದುಕೊಂಡ. ಹಿಡಿದು ಸ್ವಲ್ಪ ಹೊತ್ತು ಬಿಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದ.

"ಅಲ್ಲ ಬಾವ, ನಿಮ್ಮ ಕೈಲಿ ಬರುಸ್ಕಂಡವ್ರು ಯಾರು ಬದುಕವ್ರೆ, ಒಬ್ಬರನ್ನ ಯೋಳಿ ನೋಡಮು. ಅದ್ರಾಗೆ ಕಣ್ಣು ಬ್ಯಾರೆ ಮುಚ್ಚುಸ್ಬುಟ್ಟಿದ್ದೀರಿ. ಸತ್ತವ್ರಿಗೇ ತೆಗಿಸ್ತಿದ್ದವ್ರು ನೀವು."

ಅವಳು ಬಕೆಟ್ಟು ಕೆಳಗಿಟ್ಟು ನಕ್ಕಳು. ಸೆರಗು ಕಣ್ಣಿಗೆ ಒತ್ತಿಕೊಂಡು ನಕ್ಕಳು. ತಮ್ಮನೂ ನಕ್ಕ, ನಾನೂ ಸೇರಿಕೊಂಡೆ. ಅವನು ಉಪ್ಪಿಟ್ಟು ತಿಂದು ಬಸ್ಸು ಹತ್ತಿದ ಮೇಲೆ ಅವಳು ಚಿತ್ರದ ಮುಂದೆ ಹೋಗಿ ನಿಂತಳು.

"ನಾ ಎತ್ತಿ ಆಡ್ಸಿದ ಉಡ್ಗ ಅವ್ನು. ಅವ್ನಿಗೇ ಅಂಗೆ ಕಂಡ್ತಲ್ಲ" ಎಂದಳು. ಚಿತ್ರವನ್ನು ಗೋಡೆಗೆ ಮುಖಮಾಡಿ ತಿರುಗಿಸಿ ಇಟ್ಟಳು. ಮತ್ತೆ ನಗಲಿಲ್ಲ.

ಇದಾದ ಮೇಲೆ ನಾನು ಈ ವಯಸ್ಸಿನಲ್ಲಿ ವಿದ್ಯಾರ್ಥಿಯಾದೆ. ಹಿಂದೆ ನನ್ನ ಬಳಿ ಹೂಜಿ ಬರೆದು ಕಲಿತ ಹುಡುಗಿಯೊಬ್ಬಳು ಈಗ ನಾಗಮಂಗಲದಲ್ಲಿ ಚಿತ್ರಕಲಾ ಶಿಕ್ಷಕಿ. ಭಾನುವಾರಗಳಲ್ಲಿ ಶ್ರೀರಂಗಪಟ್ಟಣದಲ್ಲಿ, ಟೈಲರ್ ಅಂಗಡಿಯ ಮೇಲಿನ ಹಾಲಿನಲ್ಲಿ, ಆಸಕ್ತರಿಗೆ ಎದುರಿಗೆ ಮನುಷ್ಯನನ್ನಿಟ್ಟುಕೊಂಡು ಬರೆಯುವುದನ್ನು ಹೇಳಿಕೊಡುತ್ತಾಳೆ. ನಾನು ಹೋಗಿ ಕೊನೆಯ ಸಾಲಿನಲ್ಲಿ ಕುಳಿತೆ. ಅವಳನ್ನು ಮೇಡಂ ಎಂದೆ. ಅವಳು ನಾಚಿದಳು, ಆದರೆ ಬೇಡವೆನ್ನಲಿಲ್ಲ.

ಆ ದಿನದ ಪಾಠ ಮಲಗಿದ ಭಂಗಿ. ಬ್ಯಾಂಕಿನಲ್ಲಿ ಕೆಲಸ ಮಾಡುವ, ಹೊಟ್ಟೆಯಲ್ಲಿ ಸಾಕಷ್ಟು ಸಾಮಗ್ರಿಯಿದ್ದ ಒಬ್ಬ ಮಹನೀಯರು ಬನಿಯನ್, ಪಂಚೆಯಲ್ಲಿ ಮಲಗಲು ಒಪ್ಪಿದ್ದರು. ಒಳ್ಳೆಯ ಬೆಳಕು ಉತ್ತರದ ಕಿಟಕಿಯದು. ಮುಖಕ್ಕೆ ಬೆಳಕು ಬೀಳಲೆಂದು ಮೇಡಂ ಅವರ ದಿಂಬನ್ನು ಆ ಕಡೆಗೆ ಸರಿಸಿದಳು. ಆಗ ಟೀ ಹಿಡಿದು ಬಂದ ಕೆಳಗಿನ ಟೈಲರು ಬಾಗಿಲಲ್ಲೇ ನಿಂತರು.

"ಉತ್ತರಕ್ಕೆ ತಲೆ ಆಕ್ಸಿದ್ದೀರಲ್ಲಮ್ಮ. ನನ್ನ ಅಂಗಡಿ ನೆತ್ತಿ ಮೇಲೆ. ಯಾಪಾರ ಮಾಡದ್ ಬ್ಯಾಡ್ವಾ ನಾನು?"

ಚಿತ್ರಕಲೆಯ ಶಾಸ್ತ್ರ ಉತ್ತರವೇ ಬೇಕೆನ್ನುತ್ತದೆ, ನಮ್ಮ ಅಜ್ಜಿಯರ ಶಾಸ್ತ್ರ ಉತ್ತರ ಕೂಡದೆನ್ನುತ್ತದೆ. ಎರಡು ಶಾಸ್ತ್ರಗಳ ನಡುವೆ ಬ್ಯಾಂಕಿನವರು ದಿಂಬು ಹಿಡಿದು ಎದ್ದು ಕುಳಿತರು. ಕೊನೆಗೆ ಪೂರ್ವಕ್ಕೆ ಒಪ್ಪಂದವಾಯಿತು, ಬೆಳಕು ಪಕ್ಕದಿಂದ ಬಂತು, ಮುಖದ ಅರ್ಧ ನೆರಳಿಗೆ ಹೋಯಿತು.

ಮೇಡಂ ಹೇಳಿದಳು: ಮುಖದಿಂದ ಶುರುಮಾಡಬೇಡಿ. ಮೈಯ ಭಾರ ಎಲ್ಲೆಲ್ಲಿ ನೆಲಕ್ಕೆ ಕೂತಿದೆ ನೋಡಿ. ಭುಜ, ಸೊಂಟ, ಮಂಡಿಯ ಪಕ್ಕ, ಹಿಮ್ಮಡಿ. ಅಲ್ಲೆಲ್ಲ ಇದ್ದಿಲನ್ನು ಒತ್ತಿ. ನಡುವಿನದು ತೇಲುತ್ತದೆ, ಅಲ್ಲಿ ಕೈ ಹಗುರ ಮಾಡಿ. ಹಾಳೆಯ ಅಂಚಿಗೆ ಸರಿಸಮವಾಗಿ ಉದ್ದಕ್ಕೆ ಮಲಗಿಸಬೇಡಿ, ಓರೆ ಮಾಡಿ, ಕಾಲಾದರೂ ತಲೆಯಾದರೂ ನಿಮ್ಮ ಕಡೆ ಬರಲಿ. ಭುಜದ ಗೆರೆ ಒಂದು ಕಡೆ ವಾಲಿದರೆ ಸೊಂಟದ ಗೆರೆ ಇನ್ನೊಂದು ಕಡೆ ವಾಲಿರುತ್ತದೆ.

ನಾನು ಎಲ್ಲವನ್ನೂ ಶ್ರದ್ಧೆಯಿಂದ ಕೇಳಿ, ಶ್ರದ್ಧೆಯಿಂದ ಬರೆದೆ. ಮೇಡಂ ನನ್ನ ಹಿಂದೆ ಬಂದು ನಿಂತಳು.

"ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ಇವ್ರು ತಾವಾಗಿ ಮಲಗಿಲ್ಲ. ಯಾರೋ ನಾಕು ಜನ ಎತ್ತಿ ತಂದು ಇಟ್ಟಂಗವ್ರೆ."

ಬ್ಯಾಂಕಿನವರು ಎದ್ದು ಬಂದು ನೋಡಿದರು. ಪಂಚೆ ಬಿಗಿ ಮಾಡಿಕೊಂಡರು. "ಸಾರ್," ಎಂದರು, "ಇದನ್ನ ನಮ್ಮ ಮನೆಯವ್ರಿಗೆ ಮಾತ್ರ ತೋರಿಸ್ಬೇಡಿ. ಇನ್ಶೂರೆನ್ಸು ಕಾಗದ ಎಲ್ಲಿದೆ ಅಂತಾಳೆ."

ಮನೆಗೆ ಬಂದು ನಾನು ಹೆಂಡತಿಯನ್ನು ಹೊಸ ಶಾಸ್ತ್ರದ ಪ್ರಕಾರ ಜೋಡಿಸಿದೆ. ಮಗ್ಗುಲಿಗೆ ತಿರುಗಿಸಿದೆ. ಮಂಡಿ ಮಡಿಸು ಎಂದೆ. ಒಂದು ಕೈ ಕೆನ್ನೆಯ ಕೆಳಗೆ, ಇನ್ನೊಂದು ಚಾಪೆಯ ಮೇಲೆ. ಚಾಪೆಯನ್ನೇ ಓರೆ ಮಾಡಿದೆ. ಅವಳು ಕಣ್ಣನ್ನು ಎಷ್ಟು ಬಿಗಿಯಾಗಿ ಮುಚ್ಚಿದ್ದಳೆಂದರೆ ರೆಪ್ಪೆ ನಡುಗುತ್ತಿತ್ತು.

"ಒಂದು ಕೈ ಇಲ್ಲಿ, ಒಂದು ಕಾಲು ಅಲ್ಲಿ. ಇಂಗೆ ಯಾರಾದ್ರೂ ನಿದ್ದೆ ಮಾಡ್ತಾರಾ?"

"ಮಾತಾಡಬೇಡ. ಭುಜ ಸ್ವಲ್ಪ ಕೆಳಗೆ."

ಅವಳ ಭುಜವನ್ನು ನಾನೇ ಹಿಡಿದು ಇಳಿಸಿದೆ, ಮೊಣಕೈಯನ್ನು ಸರಿಮಾಡಿದೆ. ಸರಿಮಾಡುತ್ತಿರುವುದು ಗಂಡನ ಕೈಯೋ, ಸತ್ತವರನ್ನು ಜೋಡಿಸುವ ಕೈಯೋ ಎಂದು ನನಗೇ ಒಂದು ಗಳಿಗೆ ಅನುಮಾನವಾಯಿತು. ಅವಳಿಗೂ ಆಗಿರಬೇಕು. ಕಣ್ಣು ತೆರೆದಳು.

"ನೀವು ನೋಡೋ ನೋಟವೇ ಸರಿಯಿಲ್ಲ. ಬೆನ್ನಲ್ಲಿ ಚಳಿ ಆಯ್ತದೆ ನಂಗೆ." ಎದ್ದು ಸೀರೆ ಕೊಡವಿದಳು. "ಬುಡಿ, ಆಗಾಕಿಲ್ಲ. ಎಂಗಿದ್ರೂ ಒಂದಿನ ಸರ್ಯಾಗಿ ಮಲಿಕ್ಕಂತೀನಿ. ಆಗ್ಲೇ ಬರ್ಕಳಿ."

ಹೇಳಿ ಅಡುಗೆಮನೆಗೆ ಹೋದಳು. ನಾನು ಶುರುಮಾಡಿದ್ದ ಹಾಳೆಯನ್ನು ಒಲೆಗೆ ಹಾಕಲೂ ಆಗದೆ, ಇಟ್ಟುಕೊಳ್ಳಲೂ ಆಗದೆ ಕುಳಿತಿದ್ದೆ. ಅಂದಿನಿಂದ ಅವಳು ಪಕ್ಕದಲ್ಲಿ ಮಲಗಿದರೆ ನಾನು ಗೋಡೆಯ ಕಡೆಗೆ ತಿರುಗಿ ಮಲಗತೊಡಗಿದೆ. ಅವಳು ಚಿತ್ರದ ಮಾತನ್ನೂ ಎತ್ತಲಿಲ್ಲ. ಅವಳು ಕೇಳಿಕೊಂಡದ್ದು ಒಂದೇ, ಅದು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ, ಇದು ಇಬ್ಬರಿಗೂ ಗೊತ್ತಿತ್ತು.

ಸಕ್ಕರೆ ಕಾರ್ಖಾನೆ ಕಬ್ಬು ಅರೆಯುತ್ತಿದ್ದ ದಿನಗಳು. ಗಾಳಿಯಲ್ಲಿ ಕಾಕಂಬಿಯ ವಾಸನೆ ಮಂದವಾಗಿ ನಿಂತಿತ್ತು. ಒಂದು ಮಧ್ಯಾಹ್ನ ಮುದ್ದೆ, ಅವರೆಕಾಳು ಸಾರು ಉಂಡು ನಾನು ಜಗುಲಿಯಲ್ಲಿ ಪೇಪರು ಓದಿ ಒಳಗೆ ಬಂದೆ. ಅವಳು ನಡುಮನೆಯ ಬರಿಯ ನೆಲದ ಮೇಲೆ ನಿದ್ದೆ ಹೋಗಿದ್ದಳು. ಅವರೆಕಾಯಿ ಸುಲಿಯುತ್ತಾ ಹಾಗೇ ಪಕ್ಕಕ್ಕೆ ವಾಲಿದ್ದಳು. ಸಿಪ್ಪೆಯ ಮೊರ ಒಂದು ಕಡೆ. ಮಡಿಸಿದ ತೋಳು ತಲೆಗೆ ದಿಂಬು. ಒಂದು ಮಂಡಿ ಇನ್ನೊಂದರ ಮೇಲೆ ಜಾರಿ, ಒಡೆದ ಹಿಮ್ಮಡಿ ನನ್ನ ಕಡೆಗೆ ತಿರುಗಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಯಾವ ಶಾಸ್ತ್ರವನ್ನೂ ಅವಳು ಪಾಲಿಸಿರಲಿಲ್ಲ, ಒಂದನ್ನೂ ತಪ್ಪಿರಲಿಲ್ಲ. ತಲೆ ಯಾವ ದಿಕ್ಕಿಗಿತ್ತೆಂದು ನಾನು ನೋಡಲಿಲ್ಲ. ಈಗಲೂ ಲೆಕ್ಕ ಹಾಕಲು ಇಷ್ಟವಿಲ್ಲ.

ಸದ್ದಾಗದಂತೆ ಬೋರ್ಡು ತಂದು ಕೂತೆ. ಸೊಂಟದಿಂದ ಶುರುಮಾಡಿದೆ, ಅಲ್ಲಿ ಭಾರವಿತ್ತು. ಇದ್ದಿಲು ಒತ್ತಿ ಕೂತಿತು. ಅಲ್ಲಿಂದ ಪಕ್ಕೆಯ ಮೇಲೆ ಗೆರೆ ಎಳೆಯುತ್ತಿದ್ದಾಗ ಅವಳ ಉಸಿರು ನಿಂತಿತು.

ವಯಸ್ಸಾದವರ ನಿದ್ದೆಯಲ್ಲಿ ಹೀಗಾಗುತ್ತದೆ, ನನಗೆ ಗೊತ್ತು. ಎಳೆದ ಉಸಿರು ಎಲ್ಲೋ ಸಿಕ್ಕಿಕೊಂಡಂತೆ ನಿಂತು, ಆಮೇಲೆ ಗೊರಕೆಯೊಂದಿಗೆ ಬರುತ್ತದೆ. ಗೊತ್ತಿದ್ದರೂ ಕೈ ನಿಂತಿತು. ಆ ನಿಂತ ಹೊತ್ತಿನಲ್ಲಿ ನಡುಮನೆ ತುಂಬಿತು. ಯಾರೂ ಬರಲಿಲ್ಲ, ಯಾರೂ ಕಾಣಲಿಲ್ಲ, ಹಾಗೆಲ್ಲ ಬರೆದು ನಾನು ನಿಮ್ಮನ್ನು ಹೆದರಿಸುವುದಿಲ್ಲ. ಆದರೂ ನಾನು ಕುರ್ಚಿಯಲ್ಲಿ ಕೂರಿಸಿ ಕಳಿಸಿದವರೆಲ್ಲ ನನ್ನ ಹಿಂದೆ ಕುರ್ಚಿ ಎಳೆದುಕೊಂಡು ಕೂತು, ಅವಳಿಂದ ಪಡೆದ ಕಣ್ಣುಗಳಿಂದಲೇ ಅವಳನ್ನು ನೋಡುತ್ತಿದ್ದರೆಂಬುದು ನನ್ನ ಕತ್ತಿನ ಹಿಂಭಾಗಕ್ಕೆ ತಿಳಿಯುತ್ತಿತ್ತು. ತಿರುಗಿ ನೋಡಲಿಲ್ಲ. ನಾನು ಅಷ್ಟು ಧೈರ್ಯವಂತನಲ್ಲ.

ಉಸಿರು ಬಂತು. ಪಕ್ಕೆ ಮೇಲೆದ್ದಿತು. ನಾನು ಹಾಕಿದ್ದ ಗೆರೆಯನ್ನು ಬಿಟ್ಟು ಅದು ಬೇರೆಲ್ಲೋ ಹೋಗಿತ್ತು. ಅಲ್ಲೊಂದು ಗೆರೆ ಹಾಕಿದೆ. ಮತ್ತೆ ಇಳಿಯಿತು. ಯಾವುದು ಸರಿ? ಫೋಟೋ ಯಾವತ್ತೂ ನನಗೆ ಈ ತೊಂದರೆ ಕೊಟ್ಟಿರಲಿಲ್ಲ. ಅಳಿಸಲು ರಬ್ಬರು ಎತ್ತಿದವನು ಇಟ್ಟುಬಿಟ್ಟೆ. ಉಸಿರು ನಿಂತಾಗ ಕೈ ನಿಲ್ಲಿಸಿದೆ, ಬಂದಾಗ ಬರೆದೆ. ಬೆನ್ನು, ತೋಳು, ಮಂಡಿಯ ಹತ್ತಿರ ನೆರಳು, ಎಲ್ಲವೂ ಅವಳ ಉಸಿರಿನ ಅಪ್ಪಣೆಯ ಮೇಲೆ ನಡೆಯಿತು. ಸರ್ಕಾರಿ ನೌಕರಿಯಲ್ಲೂ ನಾನು ಇಷ್ಟು ವಿಧೇಯನಾಗಿರಲಿಲ್ಲ.

ಕಣ್ಣಿಗೆ ಬಂದೆ. ಮುಚ್ಚಿದ ರೆಪ್ಪೆಯ ಒಳಗೆ ಗುಡ್ಡೆ ಅತ್ತಿತ್ತ ಸರಿಯುತ್ತಿತ್ತು. ಅವಳು ಏನನ್ನೋ, ಯಾರನ್ನೋ ನೋಡುತ್ತಿದ್ದಳು. ಅಲ್ಲಿ ಗೆರೆ ಹಾಕಲಿಲ್ಲ. ಬೆರಳ ತುದಿಯಲ್ಲಿ ಇದ್ದಿಲ ಪುಡಿ ತೆಗೆದುಕೊಂಡು ಒಂದು ಸಲ ಮೆತ್ತಗೆ ಒತ್ತಿ ಬಿಟ್ಟೆ. ಕೊನೆಗೆ ಪ್ಯಾಸ್ಟಲ್ ಡಬ್ಬಿ ತೆರೆದೆ. ಶಾಲಿಲ್ಲ, ಕುಂಕುಮ ನೆರಳಲ್ಲಿತ್ತು. ಕೆಂಗಂದು ಕಡ್ಡಿ ತೆಗೆದು ಕಿವಿಯ ಹಾಲೆಗೆ ಸ್ವಲ್ಪ, ಆ ಒಡೆದ ಹಿಮ್ಮಡಿಗೆ ಸ್ವಲ್ಪ ಹಚ್ಚಿದೆ. ಸತ್ತವರ ಹಿಮ್ಮಡಿಯನ್ನು ಯಾರೂ ನನ್ನಿಂದ ಬರೆಸಿರಲಿಲ್ಲ.

ಅವಳು ಎದ್ದಾಗ ಬಿಸಿಲು ಜಗುಲಿ ದಾಟಿತ್ತು. ಕಣ್ಣುಜ್ಜಿಕೊಂಡು, ಮೊದಲು ಮೊರ ನೋಡಿ, ಆಮೇಲೆ ನನ್ನ ಕಪ್ಪು ಕೈ ನೋಡಿ, ಆಮೇಲೆ ಬೋರ್ಡು ಕಿತ್ತುಕೊಂಡಳು. ನಾನು ಗೋಡೆ ನೋಡುತ್ತಾ ಕುಳಿತೆ.

"ಬಾಯಿ ಬುಟ್ಕಂಡಿದ್ನಾ?"

"ಹೂಂ."

"ಅದ್ನೂ ಬರ್ದವ್ರೆ." ಬೆರಳು ಕೆಳಕ್ಕಿಳಿಯಿತು. "ಪಕ್ಕೆತ್ರ ಇದೇನು, ಎರಡೆರಡು ಗೆರೆ ಅದೆಯಲ್ಲ?"

"ನೀನು ಒಂದು ಕಡೆ ನಿಲ್ಲಲಿಲ್ಲ. ತಿದ್ದುತ್ತೀನಿ ಕೊಡು."

"ಬ್ಯಾಡಿ" ಎಂದಳು. ಬೋರ್ಡನ್ನು ನನ್ನ ಕೈಗೆ ಸಿಗದಂತೆ ಆಚೆ ಕಡೆ ಹಿಡಿದುಕೊಂಡಳು. "ಅದ್ನ ಮುಟ್ಬ್ಯಾಡಿ ನೀವು."

ಆ ರಾತ್ರಿ ನಾನು ಗೋಡೆಯ ಕಡೆ ತಿರುಗಲಿಲ್ಲ. ನಿದ್ದೆ ಬಂತು ಎಂದು ಹೇಳುವಂತಿಲ್ಲ. ಅವಳ ಉಸಿರು ನಿಂತಾಗಲೆಲ್ಲ ನಾನೂ ಹಿಡಿದುಕೊಳ್ಳುತ್ತಿದ್ದೆ. ಈಗಲೂ ಅದೇ ಅಭ್ಯಾಸ.

ಚಿತ್ರಕ್ಕೆ ಕಟ್ಟು ಹಾಕಿಸಿದೆವು. ಮೊಳೆಯನ್ನು ಎಲ್ಲಿ ಹೊಡೆಯಬೇಕೆಂದು ಅವಳೇ ತೋರಿಸಿದಳು, ಸೊಂಟದೆತ್ತರಕ್ಕೆ. ಮೇಲೆ ಹಾಕಿದರೆ ಯಾರಾದರೂ ಮರೆತು ಹಾರ ಹಾಕಿಯಾರು ಎಂಬುದು ಅವಳ ವಾದ. ನಮ್ಮ ಮನೆಗೆ ಬರುವವರನ್ನು ಬಲ್ಲವನಾದ್ದರಿಂದ ನಾನು ವಾದಿಸಲಿಲ್ಲ.

ಬಾಮೈದ ಮತ್ತೆ ಬಂದದ್ದು ಯುಗಾದಿ ಕಳೆದ ಮೇಲೆ. ಬಾಗಿಲಲ್ಲೇ ನಿಂತು, ಮೊದಲು ಅಡುಗೆಮನೆಯಲ್ಲಿ ಪಾತ್ರೆ ಸದ್ದಾಗುತ್ತಿದೆಯೇ ಎಂದು ಕಿವಿಗೊಟ್ಟು ಖಾತ್ರಿ ಮಾಡಿಕೊಂಡ. ಅನುಭವ ಅವನಿಗೆ ಅಷ್ಟು ಕಲಿಸಿತ್ತು. ಆಮೇಲೆ ಚಿತ್ರದ ಮುಂದೆ ಕುಕ್ಕರುಗಾಲಲ್ಲಿ ಕೂತ. ನಾನು ಪಕ್ಕದಲ್ಲಿ ನಿಂತೆ. ಅವನು ಚೀಲದಿಂದ ಕಾಯಿ ತೆಗೆದು ಒಂದೊಂದನ್ನೇ ಸದ್ದಾಗದಂತೆ ನೆಲಕ್ಕೆ ಇಡುತ್ತಾ ಹೋದ.

"ಬಾವ," ಎಂದ, ದನಿ ಪಿಸುಗುಟ್ಟುವಷ್ಟು ತಗ್ಗಿತ್ತು, "ಯಾವಾಗ ಮಲಿಕ್ಕಂಡ್ಲು?"

"ಮಧ್ಯಾಹ್ನ ಉಂಡ ಮೇಲೆ" ಎಂದೆ. ನನ್ನ ದನಿಯೂ ಅಷ್ಟೇ ತಗ್ಗಿತ್ತು.

"ಪಾಪ, ಸುಸ್ತಾಗವ್ಳೆ."

ಅಡುಗೆಮನೆಯಿಂದ ಅವಳು ಕೂಗಿದಳು, "ಏನ್ಲಾ ಅದು ಇಬ್ಬರೂ ಗುಸುಗುಸು? ಕಾಫಿಗೆ ಸಕ್ರೆ ಆಕ್ಲಾ ಬ್ಯಾಡ್ವಾ?"

ನಾವಿಬ್ಬರೂ ಒಟ್ಟಿಗೇ ಬೆಚ್ಚಿ, ಎಚ್ಚರವಾಯಿತೇನೋ ಎಂದು, ಚಿತ್ರದ ಕಡೆ ನೋಡಿದೆವು.